ಬ್ಯಾಸಗಿ ಬಿಸಲಾಗ ಲಗ್ನದ ಕಾರ್ಡು

ನಮ್ಮ ಕಡಿ ಲಗ್ನದ ಕಾರ್ಡು ಫೋನಿನಾಗ ಕಳಿಸಿದ್ರ ಅದು ಕಾರ್ಡಲ್ಲ, ಅವಮಾನ. ಮನಿಗಿ ಹೋಗಿ, ಕುಂತು, ಚಾ ಕುಡದು ಕರೀಬೇಕು. ಚಾ ಒಲ್ಲೆ ಅಂದ್ರ ಕರದದ್ದು ಲೆಕ್ಕಕ್ಕಿಲ್ಲ. ತಂಗಿ ಲಗ್ನ ಮೇ ತಿಂಗಳಾಗ ಇಟ್ಟ ಪುಣ್ಯಾತ್ಮ ನಮ್ಮಪ್ಪ. ಕಾರ್ಡು ಹಂಚಾಕ ನಡುಮಧ್ಯಾಹ್ನ ಹೊಂಟಾಂವನೂ ಅವನ.

"ಸಂಜಿಗೆ ಹೋಗೂಣಪ್ಪಾ" ಅಂದೆ.

"ಬಿಸಲಿಗೆ ಅಂಜಿ ಎಲ್ಲಾರೂ ಮನ್ಯಾಗ ಇರ್ತಾರ. ಹಿಡಿಯಾಕ ಅದ ಚೊಲೊ ಹೊತ್ತು" ಅಂದ.

ಶಾಣ್ಯಾ ಮಂದಿ ಮನಿ ಬಿಟ್ಟು ಬರಂಗಿಲ್ಲಂತ ಗೊತ್ತಿದ್ದೂ ತಾನು ಹೊಂಟಿದ್ದ, ನೋಡ್ರಿ! ಕಿಸೇದಾಗ ಒಂದು ಉಳ್ಳಾಗಡ್ಡಿ ಇಟಗೊಂಡಿದ್ದ. ಅದಿದ್ರ ಬಿಸಲು ಹತ್ರ ಸುಳಿಯಾಂಗಿಲ್ಲಂತ. ಸಿಂಧನೂರಿನ ಬ್ಯಾಂಕಿಗೆ ರಜಾ ಹಾಕಿ ಬಂದಿದ್ದ ನಾನು, ಬಾಯಿ ಮುಚಗೊಂಡು ಮಸ್ಕಿಯಿಂದ ಸ್ಕೂಟಿ ನಡಸಿದೆ.

ಪಾಮನಕಲ್ಲೂರಾಗ ಮನಿಮನಿಗೂ ಚಾ. ನೀರಿನ ತಂಬಿಗಿ ಕೊಟ್ರ ಅಪ್ಪ ಮುಟ್ಟಿ ಕೆಳಗಿಡತಿದ್ದ. "ನೀರ ಕುಡದ್ರ ಚಾಕ್ಕ ಹೊಟ್ಟ್ಯಾಗ ಜಾಗ ಎಲ್ಲೈತಿ?" ನನ್ನ ಬಾಟ್ಲಿ ಚಾಚಿದ್ರ, "ನೀ ಕುಡಿ, ಸಿಂಧನೂರಿನ ಕಾಲುವಿ ನೀರು ಕುಡದು ನಾಜೂಕಾಗೀದಿ" ಅಂತ ಚಾಷ್ಟಿ ಮಾಡಿದ.

ಕಡೀಕ ಅಪ್ಪನ ತಂಗಿ ಮನಿ, ನನಗ ಸೋದರತ್ತಿ. ಅಪ್ಪ ಕಾರ್ಡು ಕೊಟ್ಟು, "ಸಣ್ಣ ಮಗಳ ಲಗ್ನ ಐತವ್ವಾ, ಮನಿಮಂದಿ ಎಲ್ಲಾ ಬರಬೇಕು" ಅಂದ. ಚಾ ಕುಡದ. ಎದ್ದು ನಿಂತು ಚೀಲದಿಂದ ಮತ್ತೊಂದು ಕಾರ್ಡು ತಗದು, ಅಕಿಗೇ ಕೊಟ್ಟು, ಅದ ಮಾತು ಮತ್ತ ಹೇಳಿದ.

"ಎರಡು ಸಲ ಕರದ್ರ ಎರಡು ಸಲ ಉಣ್ಣಾಕ ಬರ್ತೀನಣ್ಣಾ" ಅಂತ ಅತ್ತಿ ನಕ್ಕಳು. ನಾನೂ ನಕ್ಕೆ. ಅಪ್ಪ ನಗಲಿಲ್ಲ. ಮತ್ತೊಂದು ಕಾರ್ಡಿಗೆ ಚೀಲದಾಗ ಕೈ ಹಾಕಿದ. ಹಣಿ ಮುಟ್ಟಿ ನೋಡಿದೆ. ರೊಟ್ಟಿ ಹಂಚಿನಂಗ ಕಾದಿತ್ತು, ಒಂದು ಹನಿ ಬೆವರಿಲ್ಲ. ಅಷ್ಟ್ರಾಗ ಕುಸದು ಬಿದ್ದ.

"ಅಪ್ಪಾ! ಅಪ್ಪಾ!" ಅಂತ ಒದರಿದೆ. ಪಡಸಾಲಿ ನೆಳ್ಳಾಗ ಮಲಗಿಸಿ, ಅಂಗಿ ಗುಂಡಿ ಬಿಚ್ಚಿದೆ. ಅತ್ತಿ ಕೊಡಪಾನ ಎತ್ತಿ ಮೈಮ್ಯಾಲೆ ನೀರು ಸುರುವಿದಳು. ಆಂಬುಲೆನ್ಸಿಗೆ ಫೋನ್ ಹಚ್ಚಿ, ತೊಯ್ಸಿದ ಟವೆಲ್ಲು ಕುತಿಗಿಗೆ, ಬಗಲಿಗೆ ಒತ್ತಿದೆ. ಕಾರ್ಡಿನ ಚೀಲದಿಂದನ ಗಾಳಿ ಹಾಕಿದೆ. ಬಾಯಾಗ ನೀರು ಬಿಡಾಕ ಹೋದ್ರ ಅತ್ತಿ ಕೈ ಹಿಡದಳು: "ಎಚ್ಚರಿಲ್ಲದಾಗ ಬ್ಯಾಡಬೇ, ನೆತ್ತಿಗೇರತೈತಿ." ಆಂಬುಲೆನ್ಸ್ ಬರೂತನ ನಾವಿಬ್ಬರೂ ನೀರು ಹಾಕೂದು ಬಿಡಲಿಲ್ಲ.

ಅಪ್ಪ ಉಳದ. ಆಸ್ಪತ್ರಿಯಿಂದ ಮನಿಗಿ ಬರೂದ್ರಾಗ ಸುದ್ದಿ ಅತ್ತ ಗುರುಗುಂಟಾ ಊರಿನತನ ಮುಟ್ಟಿತ್ತು. ಆರಾಮಿಲ್ಲದವರನ್ನ ನೋಡಾಕ ಹೋಗದಿದ್ರ ಅದೂ ನಮ್ಮ ಕಡಿ ದೊಡ್ಡ ತಪ್ಪು. ಸಂಜಿ ತಂಪಿನ್ಯಾಗ ಬಳಗೆಲ್ಲಾ ತಾವ ಬಂದ್ರು. ಅಪ್ಪ ಮಜ್ಜಿಗಿ ಕುಡಕೋತ, ಮಂಚದ ಮ್ಯಾಲೆ ಕುಂತಲ್ಲೇ ಒಬ್ಬೊಬ್ಬರನ್ನೂ ಲಗ್ನಕ್ಕ ಕರದ.

"ಮೊದಲ ಬಿದ್ದಿದ್ರ ಪೆಟ್ರೋಲಾರ ಉಳೀತಿತ್ತು" ಅಂದೆ. ನಗತಾನ ಅಂದಕೊಂಡಿದ್ದೆ.

"ಅಲ್ಲಿ ನೀ ಅಪ್ಪಾ ಅಪ್ಪಾ ಅಂತ ಒದರಿದ್ದು ಕೇಳಸ್ತಿತ್ತವ್ವಾ" ಅಂದ. "ಓ ಅನ್ನಾಕ ಬಾಯಿ ಬರಲಿಲ್ಲ."

ನಾನು ನೀರಿನ ತಂಬಿಗಿ ತಂದು ಅವನ ಕೈಯಾಗ ಇಟ್ಟೆ.