ಯಾರೂ ಬಳಸುವುದಿಲ್ಲ ಎಂದು ಬರೆದವಳು

ಆತಗೂರಿನ ಅರುಂಧತಿಗೆ ಮಂಡ್ಯದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಕಾರ್ಖಾನೆಯ ಮಿಷನ್ನು ನಡೆಸುವ ಪ್ರೋಗ್ರಾಮು ಅವರದು. ಹೊಸದು ಬಂತೆಂದು ಹಳೆಯ ಮಿಷನ್ನು ಕೆಟ್ಟು ಕೂರಬಾರದಲ್ಲ, ಅದಕ್ಕೇ ಹಳೆಯ ಫಂಕ್ಷನ್ನುಗಳನ್ನೂ, ಅಂದರೆ ಒಂದೊಂದು ಕೆಲಸ ಮಾಡಿಸುವ ಪ್ರೋಗ್ರಾಮಿನ ತುಣುಕುಗಳನ್ನೂ, ಒಳಗೆ ಉಳಿಸಿಕೊಂಡಿದ್ದರು. ಯಾವುದು ಯಾತಕ್ಕೆ, ಯಾರು ಇನ್ನೂ ಬಳಸುತ್ತಾರೆ ಎಂದು ಒಂದೊಂದರ ಪಕ್ಕದಲ್ಲೂ ಬರೆದಿಡುವುದು ಈ ಹೆಣ್ಣುಮಗಳ ಪಾಲಿನ ಕೆಲಸ.

ಬೆಳಗಿನ ಬಸ್ಸಿನಲ್ಲಿ ಅವಳಿಗೆ ಸೀಟು ಹಿಡಿಯುತ್ತಿದ್ದವನು ಅದೇ ಊರಿನ ಮಹದೇವು, ಗೆಜ್ಜಲಗೆರೆಯ ಒಂದು ಕಾರ್ಖಾನೆಯ ಕೆಲಸಗಾರ. ಬಸ್ಸು ಪೂರಾ ನಿಲ್ಲುವ ಮೊದಲೇ ಕಿಟಕಿಯೊಳಕ್ಕೆ ನೀಲಿ ಟವೆಲ್ಲು ಎಸೆದುಬಿಡುತ್ತಿದ್ದ.

"ನಮ್ ಮಿಷಿನ್ನು ಮುದ್ಕಿ ಕಣವ್ವ. ಯಾರೋ ಮಾರಿದ್ದನ್ನ ನಮ್ ಸಾವ್ಕಾರ ಎತ್ಕೊಂಬಂದವ್ನೆ. ನಿಮ್ ಒಸ ಪ್ರೋಗ್ರಾಮಿನ ಮಾತೇ ಕೇಳಾಕಿಲ್ವಂತೆ ಅದು."

"ನಿನ್ ಥರಾನೇ ಬುಡು ಮಾದೇವಣ್ಣ," ಎಂದು ಅವಳು ನಗುತ್ತಿದ್ದಳು.

ಮಿಷನ್ನು ನಿಲ್ಲಿಸುವ ಹಳೆಯ ಫಂಕ್ಷನ್ನಿನ ಸರದಿ ಬಂದ ದಿನ ಅವಳು ಕಂಪನಿಯ ಗಿರಾಕಿಗಳ ಪಟ್ಟಿ ತೆಗೆದು ನೋಡಿದಳು. ಅಂಥ ಹಳೆಯ ಮಿಷನ್ನು ಒಂದೂ ಇರಲಿಲ್ಲ. ಕೈ ಬದಲಾಗಿ ಬಂದದ್ದು ಪಟ್ಟಿಯಲ್ಲಿ ಇರುವುದಾದರೂ ಹೇಗೆ? ಬಸ್ಸಿನಲ್ಲಿ ದಿನಾ ಕೇಳಿದ ಮಾತು ಅವಳಿಗೆ ಆಗ ನೆನಪಾಗಲಿಲ್ಲ. "ಯಾರೂ ಬಳಸುವುದಿಲ್ಲ, ತೆಗೆಯಬಹುದು" ಎಂದು ಬರೆದಳು. ತೆಗೆದರು.

ಸೋಮವಾರ ಹೊಸ ಪ್ರೋಗ್ರಾಮು ಇಂಟರ್ನೆಟ್ಟಿನಲ್ಲಿ ತಾನಾಗಿಯೇ ಎಲ್ಲ ಮಿಷನ್ನುಗಳಿಗೂ ಇಳಿಯಿತು, ಪಟ್ಟಿಯಲ್ಲಿಲ್ಲದ ಗೆಜ್ಜಲಗೆರೆಯದಕ್ಕೂ. ಬುಧವಾರ ಮಹದೇವುವಿನ ಬಲಗೈ ಆ ಮಿಷನ್ನಿನ ರೋಲರಿಗೆ ಸಿಕ್ಕಿತು. ಎಡಗೈಯಲ್ಲಿ ನಿಲ್ಲಿಸುವ ಗುಂಡಿ ಒತ್ತಿದ, ಒತ್ತಿದ, ಒತ್ತುತ್ತಲೇ ಇದ್ದ. ಯಾರೋ ಓಡಿ ಮೇನ್ ಸ್ವಿಚ್ಚು ಎಳೆಯುವಷ್ಟರಲ್ಲಿ ಕೈ ಮಣಿಕಟ್ಟಿನವರೆಗೆ ಹೋಗಿತ್ತು.

"ಪಟ್ಟಿ ತಪ್ಪಿತ್ತು ಕಣೇ, ನೀನೇನ್ ಮಾಡ್ತೀಯ?" ಎಂದಳು ಮ್ಯಾನೇಜರು ರಂಜಿತ. "ಬರ್ದಿದ್ದು ನಾನು ಅಂತ ಊರಲ್ಲಿ ಬಾಯಿ ಬಿಟ್ಟೀಯ. ಕೆಲ್ಸ ಹೋಗುತ್ತೆ."

ಫಂಕ್ಷನ್ನನ್ನು ಮತ್ತೆ ಸೇರಿಸಿದರು. ಅರುಂಧತಿ ಪಕ್ಕದಲ್ಲಿ ಹೊಸದಾಗಿ ಬರೆದಳು: "ಗೆಜ್ಜಲಗೆರೆಯ ಒಂದು ಮಿಷನ್ನು ನಿಲ್ಲುವುದು ಇದೊಂದರಿಂದಲೇ. ತೆಗೆಯಬೇಡಿ." ಕೈಯ ಮಾತು ಬರೆಯಲಿಲ್ಲ. ಊರಿನಲ್ಲೂ ಆಡಲಿಲ್ಲ.

ಎರಡು ತಿಂಗಳ ಮೇಲೆ ಮಹದೇವು ಮಂಡ್ಯದ ಆಸ್ಪತ್ರೆಗೆಂದು ಅದೇ ಬಸ್ಸಿಗೆ ಬಂದ. ಎಡಗೈಯಲ್ಲಿ ಎಸೆದ ಟವೆಲ್ಲು ಕಿಟಕಿಯ ಸರಳಿಗೆ ಬಡಿದು ಮಣ್ಣಿಗೆ ಬಿತ್ತು. ಅವಳು ಎತ್ತಿ ಕೊಡವಿ ಹಿಡಿದುಕೊಂಡಳು. ಇಬ್ಬರೂ ನಿಂತೇ ಹೊರಟರು. ಮದ್ದೂರು ದಾಟಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಅಣ್ಣ, ಆ ಗುಂಡಿ ಕೆಲ್ಸ ಮಾಡ್ದೆ ಓಗಿದ್ದು ನನ್ನಿಂದ. ಅಳೇದ್ನ ಯಾರೂ ಬಳಸಾಕಿಲ್ಲ ಅಂತ ಬರ್ದೋಳು ನಾನೇ ಕಣಣ್ಣ."

ಅವನು ಬಯ್ಯಲಿಲ್ಲ. ಅವಳ ಮುಖವನ್ನೇ ನೋಡಿದ.

"ನಾನ್ ದಿನಾ ಯೋಳ್ತಿದ್ನಲ್ಲವ್ವ."

ಅಷ್ಟೇ ಅಂದು ಜನರ ನಡುವೆ ನುಗ್ಗಿ ಮುಂದಕ್ಕೆ ಹೋದ. ಗೆಜ್ಜಲಗೆರೆ ಬಂತು, ಹೋಯಿತು. ಮಂಡ್ಯದಲ್ಲಿ ಮುಂದಿನ ಬಾಗಿಲಿನಿಂದಲೇ ಇಳಿದ. ಟವೆಲ್ಲು ಅವಳ ಕೈಯಲ್ಲೇ ಇತ್ತು. ಇಸಿದುಕೊಳ್ಳಲು ಅವನು ತಿರುಗಲಿಲ್ಲ.