ಬರೀ ಮೇಣದ ಬಿಲ್ಲೆ

ಹಲ್ಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ದುಡಿದವಳನ್ನು ಎಲ್ಲರೂ ಮೇಣದಕ್ಕ ಎಂದೇ ಕರೆಯುತ್ತಿದ್ದರು. ಪರೀಕ್ಷೆಗೆಂದು ರೋಗಿಗಳ ಬಾಯಿಯಿಂದ ತೆಗೆದ ಅಕ್ಕಿಕಾಳಿನಷ್ಟು ಮಾಂಸವನ್ನು ಮೇಣದ ಬಿಲ್ಲೆಯಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಕೂರಿಸುವುದು ಅವಳ ಕೆಲಸ. ಬ್ಲೇಡು ಮೊಂಡಾಯಿತೆಂದು ಸದ್ದು ಕೇಳಿಯೇ ಹೇಳುವಷ್ಟು ಪಳಗಿದ್ದಳು.

ಅವಳ ಒಡಹುಟ್ಟಿದ ಅಕ್ಕ ಶಾಲೆಯ ಟೀಚರು. ಒಂಬತ್ತು ವರ್ಷದಿಂದ ಅಕ್ಕನ ಕೆನ್ನೆಯ ಒಳಮೈಯಲ್ಲಿ ಜೇಡರ ಬಲೆಯಂಥ ಬಿಳಿ ಗೆರೆ, ನಡುನಡುವೆ ಕೆಂಪು ಹುಣ್ಣು. ಲೈಕೆನ್ ಪ್ಲೇನಸ್ ಎಂದು ಅದಕ್ಕೆ ಹೆಸರು. ಅಂಟುವ ರೋಗವಲ್ಲ, ಬಿಟ್ಟುಹೋಗುವ ರೋಗವೂ ಅಲ್ಲ. ಮುಲಾಮು ಹಚ್ಚಿದರೆ ತಗ್ಗಿ, ಮತ್ತೆ ಕೆರಳುತ್ತಿತ್ತು. ನಾಲಿಗೆ ಖಾರ, ಅದಕ್ಕೇ ಬಾಯಿ ಉರಿ ಎಂದು ಮನೆಯವರು ನಗೆಯಾಡಿದರೆ ಅಕ್ಕನೂ ನಗುತ್ತಿದ್ದಳು. ಆದರೆ ಅತ್ತೆಯ ಕೊನೆಗಾಲದಲ್ಲಿ ಅವರಿಗೆ ಆಡಿದ ಒಂದು ಕೆಟ್ಟ ಮಾತೇ ತನ್ನನ್ನು ಹೀಗೆ ಸುಡುತ್ತಿದೆ ಎಂದು ತಂಗಿಯೆದುರು ಒಮ್ಮೆ ಕಣ್ಣೀರು ಹಾಕಿದ್ದಳು.

ಆ ವರ್ಷ ಹೊಸ ಡಾಕ್ಟರಮ್ಮ ಒಬ್ಬರು ಬಂದು ಒಂದು ಪ್ರಶ್ನೆ ತಂದರು. ಈ ರೋಗದಲ್ಲಿ ಮೈಯನ್ನು ಕಾಯಬೇಕಾದ ಶಕ್ತಿಯೇ ಬಾಯಿಯ ಪೊರೆಯ ಮೇಲೆ ಏರಿಹೋಗುತ್ತದೆ. ಅದನ್ನು ಕೆರಳಿಸುವುದು ಒಳಗೆ ಅಡಗಿ ಕೂತ ವೈರಸ್ ಇರಬಹುದೇ? ಹಳೆಯ ಬಿಲ್ಲೆಗಳಲ್ಲಿ ಹುಡುಕಬೇಕು, ಇಪ್ಪತ್ತು ರೋಗಿಗಳದು, ಇಪ್ಪತ್ತು ಆರೋಗ್ಯವಂತರದು ಎಂದರು. ಮೇಣದಕ್ಕನಿಗೆ ಕಿವಿ ನೆಟ್ಟಗಾಯಿತು. ಊಟ ಮರೆತು ಕಪಾಟು ಜಾಲಾಡಿದಳು.

ಮೊದಲ ಸುತ್ತಿಗೆ ರೋಗಿಗಳ ಬಿಲ್ಲೆಗಳನ್ನಷ್ಟೇ ಹಾಕಿದರು; ವೈರಸ್ ಇದ್ದ ಬಿಲ್ಲೆಯ ಗೆರೆ ಮೇಲೇರಬೇಕು. ಫಲಿತಾಂಶ ಕಂಪ್ಯೂಟರಿನಲ್ಲಿ ಮೂಡಿದಾಗ ರೋಗಿಗಳ ಇಪ್ಪತ್ತು ಗೆರೆಗಳೂ ಸರಸರನೆ ಮೇಲೇರಿದವು. ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. ಮೇಣದಕ್ಕನ ಕಣ್ಣು ಮಾತ್ರ ಕೊನೆಯ ಗೆರೆಯಲ್ಲಿ ನೆಟ್ಟಿತ್ತು. ಯಾವುದಕ್ಕೂ ಇರಲಿ ಎಂದು ಅವಳೇ ಸಾಲಿನ ಕೊನೆಗೆ, ಮಾಂಸದ ಚೂರೂ ಇಲ್ಲದ ಬರೀ ಮೇಣದ ಬಿಲ್ಲೆಯೊಂದನ್ನು ಸೀಳಿ ಸೇರಿಸಿದ್ದಳು. ಅದರ ಗೆರೆಯೂ ಏರಿತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಡಾಕ್ಟ್ರೇ, ತಪ್ಪು ನಂದೇ. ಎಲ್ಲಾ ಬಿಲ್ಲೆನೂ ಒಂದೇ ಬ್ಲೇಡಲ್ಲಿ ಕೊಯ್ದೆ. ಒಂದರದ್ದು ಇನ್ನೊಂದಕ್ಕೆ ಮೆತ್ಕೊಂಡಿದೆ."

ಡಾಕ್ಟರಮ್ಮ ಬಗ್ಗಿ ಆ ಕೊನೆಯ ಗೆರೆಯನ್ನು ಮತ್ತೆ ನೋಡಿದರು. ಆಮೇಲೆ, ನೀವು ಆ ಬಿಲ್ಲೆ ಇಡದೇ ಹೋಗಿದ್ದರೆ ನಾನು ಊರಿಗೆಲ್ಲ ಸುಳ್ಳು ಸಾರುತ್ತಿದ್ದೆ ಎಂದು ಅವಳ ಕೈ ಹಿಡಿದುಕೊಂಡರು.

ಎಲ್ಲವೂ ಮೊದಲಿಂದ ಶುರುವಾಯಿತು. ಪ್ರತಿ ಬಿಲ್ಲೆಗೂ ಹೊಸ ಬ್ಲೇಡು, ಹೊಸ ಕೈಗವಸು, ಯಂತ್ರದ ಮೂಲೆಮೂಲೆಗೂ ಉಜ್ಜಾಟ. ಐದು ದಿನ ಹಿಡಿಯಿತು. ಆರನೆಯ ದಿನ ಬೆಳಿಗ್ಗೆ ಇಬ್ಬರೂ ಪರದೆಯ ಮುಂದೆ ಕೂತರು. ಬರೀ ಮೇಣದ ಗೆರೆ ಸತ್ತ ಹಾವಿನಂತೆ ಮಲಗಿತ್ತು. ಆರೋಗ್ಯವಂತರಲ್ಲಿ ಮೂರು ಗೆರೆ ಎದ್ದವು. ರೋಗಿಗಳಲ್ಲಿ ಏಳಾಯಿತು, ಒಂಬತ್ತಾಯಿತು, ಹನ್ನೆರಡಕ್ಕೆ ನಿಂತಿತು. ಮೇಣದಕ್ಕ ಬೆರಳು ಮಡಚಿ ಮಡಚಿ ಮೂರು ಸಲ ಎಣಿಸಿದಳು.

ಡಾಕ್ಟರಮ್ಮ ನಗುತ್ತಲೇ ಎಚ್ಚರಿಸಿದರು: "ಕಳ್ಳತನ ಆದ ಮನೇಲಿ ಹೆಜ್ಜೆಗುರುತು ಸಿಕ್ಕಿದೆ, ಅಷ್ಟೇ. ಅವನೇ ಕದ್ದನೋ, ಬಾಗಿಲು ತೆರೆದಿತ್ತು ಅಂತ ಆಮೇಲೆ ನುಗ್ಗಿದನೋ, ಇನ್ನೂ ಗೊತ್ತಿಲ್ಲ."

ಅಷ್ಟಾದರೂ ಸಿಕ್ಕಿತಲ್ಲ! ಮಧ್ಯಾಹ್ನ ಮೇಣದಕ್ಕ ಬಿಳಿ ಕೋಟು ಬಿಚ್ಚುವುದನ್ನೂ ಮರೆತು ಅಕ್ಕನ ಶಾಲೆಗೆ ಓಡಿದಳು. ಟೀಚರುಗಳ ಕೋಣೆಯಲ್ಲಿ ಅಕ್ಕ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಏದುಸಿರಿನಲ್ಲೇ ತಂಗಿ ಎಲ್ಲವನ್ನೂ ಒದರಿದಳು. ಅಕ್ಕ ಪೆನ್ನು ಕೆಳಗಿಟ್ಟಳು.

"ಹಾಗಾದ್ರೆ ನನ್ನ ನಾಲಿಗೆದು ತಪ್ಪಿಲ್ಲ ಅಂತೀಯಾ?"

"ವೈರಸ್ಸಿನ ವಿಚಾರಣೆ ಇನ್ನೂ ನಡೀತಿದೆ ಅಕ್ಕ. ನಿನ್ನ ಮಾತಿಗೂ ಹುಣ್ಣಿಗೂ ಮಾತ್ರ ಸಂಬಂಧ ಇಲ್ಲ. ಅದಂತೂ ಖಂಡಿತ."

ಅಕ್ಕ ನಕ್ಕಳು, ನಗುನಗುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡಳು.

ಮುಂದಿನ ವರ್ಷ ನಾಲ್ಕು ಆಸ್ಪತ್ರೆಗಳು ಸೇರಿ ದೊಡ್ಡ ಅಧ್ಯಯನಕ್ಕೆ ಕೈಹಾಕಿದವು. ಒಪ್ಪಿಗೆ ಪತ್ರಕ್ಕೆ ಮೊದಲು ಸಹಿ ಹಾಕಿದವಳು ಅಕ್ಕ. ಅವಳ ಬಾಯಿ ಪೂರ್ತಿ ವಾಸಿಯಾಗಲಿಲ್ಲ, ಮುಲಾಮು ನಿಲ್ಲಲಿಲ್ಲ. ಆದರೆ ನೆಂಟರ ಮನೆ ಊಟಕ್ಕೆ ತನ್ನ ಖಾರವಿಲ್ಲದ ಸಪ್ಪೆ ಊಟದ ಡಬ್ಬಿ ಹಿಡಿದು ಧೈರ್ಯವಾಗಿ ಹೋಗತೊಡಗಿದಳು. ನಾಲ್ಕು ಜನರೆದುರು ಬಾಯಿ ಬಿಡದ ಮೇಣದಕ್ಕ ಬಸ್ಸು ಹತ್ತಿ ಉಳಿದ ಮೂರು ಆಸ್ಪತ್ರೆಗಳಿಗೂ ಹೋಗಿ, ಬಿಲ್ಲೆ ಸೀಳುವವರಿಗೆ ತಾನು ಮಾಡಿದ ತಪ್ಪಿನಿಂದಲೇ ಪಾಠ ಶುರುಮಾಡಿದಳು.