ಹಳೇ ಕಾರಿನ ಗಾಜಿನ ಹಿಂದೆ ಒಂದು ಮುಖ

ಫೋಟೋ ತೆಗೆದು ಮೊಬೈಲ್ ನೋಡಿದರೆ, ಕಾರಿನ ಒಳಗೆ ಒಂದು ಮುಖ! ಬಸವೇಶ್ವರನಗರದ ನಮ್ಮ ಪಕ್ಕದ ರಸ್ತೆಯಲ್ಲಿ ವರ್ಷಗಳಿಂದ ನಿಂತೇ ಇರುವ ಬಿಳಿ ಕಾರದು. ಹಳೇ ಕಾರುಗಳೆಂದರೆ ನನಗೆ ನೆಂಟರಿದ್ದ ಹಾಗೆ. ಗುಡಿಯಿಂದ ಬರುವಾಗ ನಿಂತು ಒಂದು ಫೋಟೋ ತೆಗೆಯದಿದ್ದರೆ ಸಮಾಧಾನವಿಲ್ಲ. ಹತ್ತಿರ ಓಡಿದೆ. ಕಾರಿನ ಯಜಮಾನರು, ಅದರ ಎದುರು ಮನೆಯ ಅಜ್ಜ, ಒಳಗೆ ಬೆವರಿನಲ್ಲಿ ತೊಯ್ದು, ಗಾಜನ್ನು ಮೆಲ್ಲಗೆ ತಟ್ಟುತ್ತಿದ್ದರು.

ಬಾಗಿಲು ಎಳೆದೆ, ಬರಲಿಲ್ಲ. ಆ ಕಡೆಯ ಬಾಗಿಲು ಕಾಂಪೌಂಡಿಗೆ ಒತ್ತಿಕೊಂಡಿತ್ತು. ಸುಡುವ ಬಿಸಿಲು, ರಸ್ತೆಯಲ್ಲಿ ಒಬ್ಬರೂ ಇಲ್ಲ. ‘ಶಿವನೇ’ ಎನ್ನುತ್ತಾ ಕಲ್ಲು ಎತ್ತಿಕೊಂಡೆ. ಅಜ್ಜ ಗಾಬರಿಯಿಂದ ಬೇಡ ಬೇಡವೆಂದು ಕೈಯಲ್ಲಾಡಿಸಿದರು. ಮೊದಲು ಒಳಕ್ಕೆ ಒತ್ತಿ, ಆಮೇಲೆ ಎಳೆಯಬೇಕೆಂದು ಅಂಗೈಯಲ್ಲೇ ತೋರಿಸಿದರು. ಮೈಭಾರವೆಲ್ಲ ಹಾಕಿ ಒತ್ತಿ ಎಳೆದೆ. ಬಾಗಿಲು ಬಿಟ್ಟುಕೊಂಡಿತು.

ನೀರು ಕುಡಿದು ಸುಧಾರಿಸಿಕೊಂಡ ಅಜ್ಜ, “ದಿನಾ ಸ್ವಲ್ಪ ಹೊತ್ತು ಇದ್ರಲ್ಲಿ ಕೂತ್ಕೋತೀನಿ, ಇವತ್ತು ಬಾಗಿಲಿನ ಒಳಗಿನ ಹಿಡಿ ಕೈಗೇ ಬಂದ್ಬಿಡ್ತಮ್ಮ. ಮನೇಲಿ ಹೇಳ್ಬೇಡ, ನಾಳೇನೇ ಗಾಡೀನ ಗುಜರಿಗೆ ಹಾಕ್ತಾರೆ” ಅಂದರು.

“ಪ್ರಾಣ ಹೋಗ್ತಿದ್ರೂ ಗಾಜು ಒಡೀಬೇಡ ಅಂದ್ರಲ್ಲ ಅಜ್ಜ!”

“ಆ ಗಾಜು ಈಗ ಎಲ್ಲೂ ಸಿಗಲ್ಲ ಕಣಮ್ಮ.”

“ಸರಿ, ಇನ್ಮೇಲೆ ಬಾಗಿಲು ತೆಗೆದಿಟ್ಟೇ ಕೂತ್ಕೊಳ್ಳಿ. ಇಲ್ಲಾಂದ್ರೆ ನಿಮ್ಮ ಸೊಸೆ ಹತ್ರ ನಾನೇ ಹೇಳ್ತೀನಿ” ಅಂದೆ.

ಅಂದು ಹೇಳದೆ ಬಂದದ್ದು ತಪ್ಪೇನೋ, ಶಿವ ಕ್ಷಮಿಸಲಿ. ಈಗ ದಿನವೂ ಅದೇ ದಾರಿ ಹಿಡಿಯುತ್ತೇನೆ. ಕಾರಿನ ಬಾಗಿಲು ತೆರೆದಿದ್ದು, ಅಜ್ಜನ ಒಂದು ಕಾಲು ಹೊರಗೆ ಕಂಡರೆ, ಆ ದಿನಕ್ಕೆ ಅಷ್ಟು ಕೃಪೆ ಸಾಕು.